ಸೀಗೂರಿನ ಜ್ವರ, ಸಿಕಂದರಾಬಾದಿನ ಸೊಳ್ಳೆ

ಉದಕಮಂಡಲದಿಂದ ಕಲ್ಹಟ್ಟಿಯ ಮಾರ್ಗವಾಗಿ ಮಸಿನಗುಡಿಗೆ ಇಳಿಯುವ ಸೀಗೂರು ಘಾಟಿಯನ್ನು ಇಂದಿನ ಪ್ರವಾಸಿಗರು ಅದರ 36 ತಿರುವುಗಳಿಗಾಗಿ ನೆನಪಿಡುತ್ತಾರೆ. ಒಂದೂಕಾಲು ಶತಮಾನದ ಹಿಂದೆ ಈ ಘಾಟಿಗೆ ಇದ್ದ ಖ್ಯಾತಿಯೇ ಬೇರೆ. ಮೇಲೆ ತಂಪಾದ ಬೆಟ್ಟ, ಆಂಗ್ಲರ ಬಂಗಲೆಗಳು, ಆರೋಗ್ಯಧಾಮಗಳು. ಕೆಳಗೆ ಮೋಯಾರು ಹೊಳೆಯ ಕಡೆಗೆ ಚಾಚಿಕೊಂಡ ಕುರುಚಲು ಕಾಡು, ಮತ್ತು ಆ ಕಾಡಿನೊಳಗೆ ಜ್ವರ. ಮೈಸೂರು ಸೀಮೆಯಿಂದ ಬೆಟ್ಟ ಹತ್ತುವವರು ಘಾಟಿಯ ಬುಡದಲ್ಲಿ ರಾತ್ರಿ ತಂಗಲು ಅಂಜುತ್ತಿದ್ದರು. ಅಲ್ಲಿ ಮಲಗಿ ಎದ್ದವನಿಗೆ ವಾರ ಹದಿನೈದು ದಿನದೊಳಗೆ ಚಳಿ ಹತ್ತುವುದೆಂಬುದು ಎಲ್ಲರ ಅನುಭವವಾಗಿತ್ತು. ಆದರೆ ಏಕೆ ಹತ್ತುತ್ತದೆಂಬುದು ಯಾರಿಗೂ ತಿಳಿದಿರಲಿಲ್ಲ. ಕಾಡಿನ ಗಾಳಿ ಎಂದರು ಕೆಲವರು, ನೀರಿನ ದೋಷ ಎಂದರು ಕೆಲವರು, ಕೊಳೆತ ಎಲೆಯಿಂದ ಏಳುವ ಆವಿ ಎಂದರು ಮತ್ತೆ ಕೆಲವರು. ವಿದ್ಯಾವಂತ ಯೂರೋಪು ಸಹ ಇದಕ್ಕಿಂತ ಮುಂದೆ ಹೋಗಿರಲಿಲ್ಲ. ಇಟಲಿಯ ಭಾಷೆಯಲ್ಲಿ ‘ಮಲೇರಿಯಾ’ ಎಂದರೆ ಕೆಟ್ಟ ಗಾಳಿ ಎಂದೇ ಅರ್ಥ.

1897ರ ಬೇಸಿಗೆಯಲ್ಲಿ ಈ ಘಾಟಿಗೆ ಭಾರತೀಯ ವೈದ್ಯಕೀಯ ಸೇವೆಯ ಒಬ್ಬ ಅಧಿಕಾರಿ ಇಳಿದುಬಂದರು. ರಜೆಯ ಮೇಲೆ ಊಟಿಗೆ ಬಂದಿದ್ದ ಅವರು, ರಜೆಯನ್ನು ವಿಶ್ರಾಂತಿಗೆ ಬಳಸದೆ ಜ್ವರದ ಮೂಲವನ್ನು ಹುಡುಕಲು ಸೀಗೂರಿನ ಕಡೆ ಹೊರಟರು. ಸೊಳ್ಳೆಪರದೆಯೊಳಗೆ ಮಲಗುವಷ್ಟು ಎಚ್ಚರ ವಹಿಸಿದರೂ ಕೆಲವೇ ದಿನಗಳಲ್ಲಿ ಅವರಿಗೇ ಚಳಿಜ್ವರ ಹಿಡಿಯಿತು. ತಮ್ಮ ರಕ್ತವನ್ನು ತಾವೇ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಬಲ್ಲ ರೋಗಿ ಅವರು. ಅವರ ಹೆಸರು ರೊನಾಲ್ಡ್ ರಾಸ್. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಸಿಕಂದರಾಬಾದಿನಲ್ಲಿ ಅವರು ಕಂಡದ್ದನ್ನು ಇಂದು ಶಾಲೆಯ ಮಕ್ಕಳು ಒಂದು ಅಂಕದ ಉತ್ತರವಾಗಿ ಬರೆಯುತ್ತಾರೆ: ಮಲೇರಿಯಾ ರೋಗವು ಹೆಣ್ಣು ಅನಾಫಿಲಿಸ್ ಸೊಳ್ಳೆಯಿಂದ ಹರಡುತ್ತದೆ.

ನಾನು ವಿಜ್ಞಾನದ ಪದವೀಧರನಲ್ಲ. ಇತಿಹಾಸವನ್ನೂ ಕನ್ನಡವನ್ನೂ ಕಲಿಸಿದವನು. ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಆಗಾಗ ಆಗುವಂತೆ, ವಿಜ್ಞಾನದ ಉಪಾಧ್ಯಾಯರಿಲ್ಲದ ವರ್ಷಗಳಲ್ಲಿ ಜೀವಶಾಸ್ತ್ರವನ್ನೂ ಕಲಿಸಿದವನು. ಆ ಒಂದು ಅಂಕದ ವಾಕ್ಯ ನನಗೆ ಯಾವಾಗಲೂ ಇತಿಹಾಸದ ಪಾಠವಾಗಿಯೇ ಕಂಡಿದೆ. ಜೀವಿಗಳನ್ನು ಕುರಿತ ಒಂದು ಸತ್ಯವು ಹೇಗೆ ಕೈಗೆ ಸಿಗುತ್ತದೆ, ಎಷ್ಟು ಜನರ ಕೈ ದಾಟಿ ಬರುತ್ತದೆ, ನಡುವೆ ಎಷ್ಟು ಬಾರಿ ದಾರಿ ತಪ್ಪುತ್ತದೆ ಎಂಬುದು ಆ ವಾಕ್ಯದಲ್ಲಿ ಮುಚ್ಚಿಹೋಗಿದೆ. ಅದನ್ನು ಸ್ವಲ್ಪ ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ರೋಗವೇನೋ ಬಹಳ ಹಳೆಯದು. ದಿನ ಬಿಟ್ಟು ದಿನ, ಎರಡು ದಿನ ಬಿಟ್ಟು ಮೂರನೆಯ ದಿನ ಬರುವ ಜ್ವರಗಳನ್ನು ನಮ್ಮ ಆಯುರ್ವೇದವು ವಿಷಮಜ್ವರದ ಪ್ರಭೇದಗಳೆಂದು ಗುರುತಿಸಿ ತೃತೀಯಕ, ಚತುರ್ಥಕ ಎಂಬ ಹೆಸರು ಕೊಟ್ಟಿತ್ತು. ಬಹುಕಾಲ ಜ್ವರ ತಿಂದವರ ಎಡಪಕ್ಕೆಯ ಕೆಳಗೆ ಗಟ್ಟಿಯಾಗಿ ಕೈಗೆ ಸಿಗುವ ಪ್ಲೀಹವನ್ನು ನಮ್ಮ ಹಿರಿಯರು ಜ್ವರಗಡ್ಡೆ ಎಂದು ಕರೆಯುತ್ತಿದ್ದರು. ಔಷಧವೂ ಗೊತ್ತಿತ್ತು. ದಕ್ಷಿಣ ಅಮೆರಿಕದ ಸಿಂಕೋನಾ ಮರದ ತೊಗಟೆಯಿಂದ ಕ್ವಿನೈನನ್ನು 1820ರಲ್ಲಿ ಫ್ರಾನ್ಸಿನ ಇಬ್ಬರು ರಸಾಯನಶಾಸ್ತ್ರಜ್ಞರು ಬೇರ್ಪಡಿಸಿದ್ದರು. 1860ರ ದಶಕದಲ್ಲಿ ಆ ಮರವನ್ನು ನೀಲಗಿರಿಯ ದೊಡ್ಡಬೆಟ್ಟ, ನಡುವಟ್ಟಂಗಳಲ್ಲಿ ಸರ್ಕಾರವೇ ಬೆಳೆಸತೊಡಗಿತು. ಹೀಗೆ ರೋಗವೂ ಗೊತ್ತು, ಔಷಧವೂ ಗೊತ್ತು. ಬೆಟ್ಟದ ಮೇಲೆ ಮದ್ದಿನ ತೋಟ, ಬೆಟ್ಟದ ಕೆಳಗೆ ಜ್ವರದ ಕಾಡು. ನಡುವಿನ ಕಾರಣ ಮಾತ್ರ ಗೊತ್ತಿರಲಿಲ್ಲ.

ಕಾರಣದ ಮೊದಲ ತುಂಡು ಸಿಕ್ಕಿದ್ದು ಉತ್ತರ ಆಫ್ರಿಕಾದಲ್ಲಿ. ಅದಕ್ಕೆ ಹಿಂದಿನ ವರ್ಷ, 1879ರಲ್ಲಿ, ಇಬ್ಬರು ವಿದ್ವಾಂಸರು ರೋಮಿನ ಬಳಿಯ ಜೌಗು ಮಣ್ಣಿನಿಂದ ಒಂದು ಬ್ಯಾಕ್ಟೀರಿಯಾವನ್ನು ತೆಗೆದು, ಮಲೇರಿಯಾಕ್ಕೆ ಇದೇ ಕಾರಣವೆಂದು ಸಾರಿದ್ದರು. ಅದು ಬ್ಯಾಕ್ಟೀರಿಯಾಗಳ ಯುಗ; ಪ್ರತಿ ರೋಗಕ್ಕೂ ಒಂದು ಬ್ಯಾಕ್ಟೀರಿಯಾ ಇರಲೇಬೇಕೆಂದು ಜನ ನಂಬಲು ಸಿದ್ಧರಿದ್ದರು. ಆದರೆ ಅಲ್ಜೀರಿಯಾದ ಕಾನ್‌ಸ್ಟಂಟೀನ್ ನಗರದ ಸೈನಿಕ ಆಸ್ಪತ್ರೆಯಲ್ಲಿದ್ದ ಫ್ರೆಂಚ್ ವೈದ್ಯ ಅಲ್ಫೋನ್ಸ್ ಲಾವೆರಾನ್ ಮಣ್ಣನ್ನು ಬಿಟ್ಟು ರೋಗಿಯ ರಕ್ತವನ್ನೇ ನೋಡಿದರು. 1880ರ ನವೆಂಬರ್ 6ರಂದು, ಬಣ್ಣ ಹಾಕದ ಹಸಿ ರಕ್ತದ ಹನಿಯಲ್ಲಿ, ಕಪ್ಪು ಕಣಗಳನ್ನು ಹೊತ್ತ ದುಂಡನೆಯ ದೇಹವೊಂದರಿಂದ ಎಳೆಗಳು ಹೊರಚಿಮ್ಮಿ ಚಾಟಿಯಂತೆ ಬಳುಕುವುದನ್ನು ಅವರು ಕಂಡರು. ಅದು ಬ್ಯಾಕ್ಟೀರಿಯಾ ಆಗಿರಲಿಲ್ಲ; ಒಂದೇ ಜೀವಕೋಶದ ಪ್ರಾಣಿಯಾಗಿತ್ತು. ಬಹಳ ಜನ ನಂಬಲಿಲ್ಲ. ಭಾರತದಲ್ಲಿದ್ದ ರಾಸ್ ಅವರೂ ನಂಬದವರಲ್ಲಿ ಒಬ್ಬರು. ಮಲೇರಿಯಾ ಕರುಳಿನ ದೋಷದಿಂದ ಬರುವುದೆಂದು ಲೇಖನ ಬರೆದಿದ್ದವರು ಅವರು.

ಇಟಲಿಯ ಕಮಿಲ್ಲೊ ಗಾಲ್ಜಿ ಮುಂದಿನ ಹೆಜ್ಜೆ ಇಟ್ಟರು. ಈ ಪರಾವಲಂಬಿ ಜೀವಿಯು ಕೆಂಪು ರಕ್ತಕಣದೊಳಗೆ ಸೇರಿ, ಅದರ ಕೆಂಪನ್ನು ತಿಂದು, ಕಪ್ಪು ಕಣಗಳನ್ನು ಉಳಿಸುತ್ತದೆ. ಬಲಿತ ಮೇಲೆ ಹಲವು ತುಂಡುಗಳಾಗಿ ಒಡೆದು ರಕ್ತಕಣವನ್ನು ಸೀಳಿ ಹೊರಬರುತ್ತದೆ. ಎಲ್ಲ ಕಣಗಳೂ ಒಟ್ಟಿಗೆ ಒಡೆಯುವ ಆ ಹೊತ್ತಿಗೇ ರೋಗಿಗೆ ಚಳಿ ಏರುತ್ತದೆ ಎಂದು ಅವರು ತೋರಿಸಿದರು. ಒಂದು ಬಗೆಗೆ 48 ಗಂಟೆ, ಇನ್ನೊಂದು ಬಗೆಗೆ 72 ಗಂಟೆ. ನಮ್ಮ ವೈದ್ಯರು ಬೆರಳೆಣಿಸಿ ತೃತೀಯಕ, ಚತುರ್ಥಕ ಎಂದದ್ದು ವಾಸ್ತವವಾಗಿ ಕಣ್ಣಿಗೆ ಕಾಣದ ಜೀವಿಯೊಂದರ ವಯಸ್ಸಿನ ಲೆಕ್ಕವಾಗಿತ್ತು. ಜೀವಶಾಸ್ತ್ರದಲ್ಲಿ ಇದಕ್ಕಿಂತ ಸುಂದರವಾದ ಹೊಂದಿಕೆಗಳು ಬಹಳ ಇಲ್ಲವೆಂದು ನನ್ನ ಅಭಿಪ್ರಾಯ.

ಆದರೂ ಮುಖ್ಯ ಪ್ರಶ್ನೆ ಉಳಿಯಿತು. ಒಬ್ಬನ ರಕ್ತದಲ್ಲಿ ಬೆಳೆಯುವ ಜೀವಿ ಇನ್ನೊಬ್ಬನ ರಕ್ತಕ್ಕೆ ಹೋಗುವುದು ಹೇಗೆ? ಇಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಸ್ಕಾಟಿಷ್ ವೈದ್ಯರ ತರ್ಕವನ್ನು ಗಮನಿಸಬೇಕು. ಅವರು ಚೀನಾದ ಅಮೊಯ್ ಬಂದರಿನಲ್ಲಿ ಕೆಲಸ ಮಾಡುತ್ತಿದ್ದಾಗ, 1877ರಲ್ಲಿ, ಆನೆಕಾಲು ರೋಗದ ಹುಳುಗಳು ಸೊಳ್ಳೆಯ ದೇಹದಲ್ಲಿ ಬೆಳೆಯುವುದನ್ನು ಕಂಡಿದ್ದರು. ಲಾವೆರಾನ್ ಕಂಡ ಚಾಟಿಯಂಥ ಎಳೆಗಳು ರಕ್ತ ದೇಹದಿಂದ ಹೊರಬಂದ ಕೆಲವು ನಿಮಿಷಗಳ ಮೇಲೆಯೇ ಚಿಮ್ಮುತ್ತವೆ, ದೇಹದೊಳಗೆ ಎಂದೂ ಚಿಮ್ಮುವುದಿಲ್ಲ ಎಂಬುದು ಅವರ ಗಮನಕ್ಕೆ ಬಂತು. ಹಾಗಾದರೆ ಈ ಜೀವಿಯ ಬಾಳಿನ ಮುಂದಿನ ಘಟ್ಟ ಮನುಷ್ಯನ ಹೊರಗೆ ನಡೆಯಬೇಕು. ರಕ್ತವನ್ನು ಹೊರಗೆ ಒಯ್ಯುವವರು ಯಾರು? ಸೊಳ್ಳೆ. ಇಷ್ಟರವರೆಗೆ ತರ್ಕ ಅಚ್ಚುಕಟ್ಟು. ಆಮೇಲೆ ಅವರು ಎಡವಿದರು. ಸೊಳ್ಳೆ ಒಮ್ಮೆ ರಕ್ತ ಕುಡಿದು, ನೀರಿನ ಮೇಲೆ ಮೊಟ್ಟೆಯಿಟ್ಟು, ಅಲ್ಲೇ ಸತ್ತುಹೋಗುತ್ತದೆ. ಆ ನೀರನ್ನು ಕುಡಿದವರಿಗೆ ರೋಗ ಬರುತ್ತದೆ ಎಂದು ಭಾವಿಸಿದರು. ಸೊಳ್ಳೆ ವಾರಗಟ್ಟಲೆ ಬದುಕಬಲ್ಲದು, ಮತ್ತೆ ಮತ್ತೆ ಕಚ್ಚಬಲ್ಲದು ಎಂಬುದು ಆಗಿನ್ನೂ ಅವರಿಗೆ ತಿಳಿದಿರಲಿಲ್ಲ.

1894ರಲ್ಲಿ ಲಂಡನ್ನಿಗೆ ರಜೆಯ ಮೇಲೆ ಹೋಗಿದ್ದ ರಾಸ್ ಅವರಿಗೆ ಮ್ಯಾನ್ಸನ್ ಮಲೇರಿಯಾ ಪರಾವಲಂಬಿಯನ್ನು ಕಣ್ಣಾರೆ ತೋರಿಸಿ, ಸೊಳ್ಳೆಯ ಊಹೆಯನ್ನೂ ಹೇಳಿದರು. ಭಾರತದಲ್ಲಿ ಇದನ್ನು ಪರೀಕ್ಷಿಸಿ ನೋಡಲು ರಾಸ್ ಒಪ್ಪಿದರು. ಮುಂದಿನ ನಾಲ್ಕೈದು ವರ್ಷ ಇಬ್ಬರ ನಡುವೆ ನೂರಕ್ಕೂ ಹೆಚ್ಚು ಪತ್ರಗಳು ಹೋಗಿ ಬಂದವು.

ರಾಸ್ ಯಾರು? 1857ರಲ್ಲಿ ಹಿಮಾಲಯದ ಆಲ್ಮೋರಾದಲ್ಲಿ ಹುಟ್ಟಿದ, ಸೇನಾಧಿಕಾರಿಯೊಬ್ಬರ ಮಗ. ಸಾಹಿತಿಯಾಗಬೇಕೆಂಬ ಆಸೆ ಇದ್ದರೂ ತಂದೆಯ ಒತ್ತಾಯಕ್ಕೆ ವೈದ್ಯರಾದವರು. ಕೊನೆಯವರೆಗೂ ಕವಿತೆ, ಕಾದಂಬರಿ ಬರೆದವರು. 1881ರಲ್ಲಿ ಸೇವೆಗೆ ಸೇರಿ ಮದ್ರಾಸ್ ಪ್ರಾಂತಕ್ಕೆ ಬಂದರು. 1883ರಲ್ಲಿ ಬೆಂಗಳೂರು ದಂಡಿನಲ್ಲಿದ್ದಾಗ ತಮ್ಮ ಬಂಗಲೆಯಲ್ಲಿ ಮಾತ್ರ ಸೊಳ್ಳೆ ವಿಪರೀತವೇಕೆಂದು ಹುಡುಕಿ, ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಅವು ಮರಿಯಾಗುವುದನ್ನು ಕಂಡು, ತೊಟ್ಟಿ ಬರಿದು ಮಾಡಿಸಿದರು. ಸೊಳ್ಳೆ ಕಡಿಮೆಯಾಯಿತು. ದಂಡಿನ ಉಳಿದ ತೊಟ್ಟಿಗಳನ್ನೂ ಹೀಗೆ ಮಾಡಬಹುದಲ್ಲ ಎಂದು ಕೇಳಿದಾಗ, ಸೃಷ್ಟಿಯ ಕ್ರಮವನ್ನು ಕೆಡಿಸಬಾರದು, ಸೊಳ್ಳೆಯೂ ಏನೋ ಉದ್ದೇಶಕ್ಕೇ ಹುಟ್ಟಿದೆ ಎಂಬ ಅರ್ಥದ ಉತ್ತರ ಮೇಲಧಿಕಾರಿಯಿಂದ ಬಂತು. ಆಗ ರಾಸ್ ಅವರಿಗೂ ಸೊಳ್ಳೆಗೂ ಮಲೇರಿಯಾಕ್ಕೂ ಸಂಬಂಧವೇನೆಂದು ತಿಳಿಯದು. ಆದರೂ ಮುಂದೆ ಅವರು ಇಡೀ ಜಗತ್ತಿಗೆ ಹೇಳಿದ ಪರಿಹಾರದ ಬೀಜ ಬೆಂಗಳೂರಿನ ಆ ತೊಟ್ಟಿಯಲ್ಲಿದೆ.

1895ರಲ್ಲಿ ಸಿಕಂದರಾಬಾದಿಗೆ ಬಂದ ರಾಸ್ ಮೊದಲು ಮ್ಯಾನ್ಸನ್ ಹೇಳಿದ ನೀರಿನ ಊಹೆಯನ್ನೇ ಪರೀಕ್ಷಿಸಿದರು. ಮಲೇರಿಯಾ ರೋಗಿಗಳನ್ನು ಕಚ್ಚಿದ ಸೊಳ್ಳೆಗಳು ಸತ್ತ ನೀರನ್ನು ಲಛಮನ್ ಎಂಬ ತರುಣನಿಗೆ, ಆತ ಒಪ್ಪಿದ ಮೇಲೆ, ಹಣ ಕೊಟ್ಟು ಕುಡಿಸಿದರು. ಕೆಲವು ದಿನಗಳ ಮೇಲೆ ಆತನಿಗೆ ಜ್ವರ ಬಂತು. ಆತುರದವರಾಗಿದ್ದರೆ ಅಲ್ಲಿಗೇ ಗೆದ್ದೆನೆಂದು ಬರೆದುಬಿಡುತ್ತಿದ್ದರು. ಆದರೆ ಆ ರಕ್ತದಲ್ಲಿ ಪರಾವಲಂಬಿ ಕಾಣಲಿಲ್ಲ. ಬೇರೆಯವರ ಮೇಲೆ ಪ್ರಯೋಗ ಮತ್ತೆ ಮಾಡಿದಾಗ ಹೊಂದುವ ಫಲ ಬರಲಿಲ್ಲ. ಜ್ವರ ಬಂದ ಮಾತ್ರಕ್ಕೆ ಅದೇ ಜ್ವರವೆನ್ನಲಾಗದು, ಒಮ್ಮೆ ನಡೆದದ್ದು ಮತ್ತೊಮ್ಮೆ ನಡೆಯದಿದ್ದರೆ ಅದನ್ನು ಪ್ರಮಾಣವೆನ್ನಲಾಗದು. ನೀರಿನ ಊಹೆ ಹೀಗೆ ಬಿದ್ದುಹೋಯಿತು. ಇಂದಿನ ನಿಯಮಗಳಲ್ಲಿ ಇಂಥ ಪ್ರಯೋಗಕ್ಕೆ ಯಾವ ಸಮಿತಿಯೂ ಒಪ್ಪಿಗೆ ಕೊಡದು. ವಿಜ್ಞಾನದ ಚರಿತ್ರೆಯಲ್ಲಿ ಲಛಮನನಂಥವರು ಒಂದು ಸಾಲಿನಲ್ಲಿ ಬಂದು ಹೋಗುತ್ತಾರೆ. ಆ ಸಾಲನ್ನಾದರೂ ನಾವು ಬಿಡದೆ ಓದಬೇಕು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ವಾಂತಿಭೇದಿ ಹರಡಿ, ರಾಸ್ ಅವರನ್ನು ನೈರ್ಮಲ್ಯದ ಕೆಲಸಕ್ಕೆ ಅಲ್ಲಿಗೆ ಕಳುಹಿಸಲಾಯಿತು. ಸಂಶೋಧನೆ ಹಿಂದೆ ಬಿತ್ತು. ಸೀಗೂರಿನ ಪ್ರಯಾಣ ಇದಾದ ಮೇಲಿನದು. 1897ರ ಜೂನಿನಲ್ಲಿ ಅವರು ಮತ್ತೆ ಸಿಕಂದರಾಬಾದಿಗೆ ಮರಳಿದರು.

ಅಲ್ಲಿಯ ಕಷ್ಟವನ್ನು ಕಲ್ಪಿಸಿಕೊಳ್ಳಬೇಕು. ಬೇಗಂಪೇಟೆಯ ಸಣ್ಣ ಆಸ್ಪತ್ರೆ. ಸೊಳ್ಳೆಯ ದೇಹವನ್ನು ಸೂಜಿಯಿಂದ ಬಿಡಿಸಿ, ಅದರ ಜಠರವನ್ನು ತೆಗೆದು, ಅಂಗುಲ ಅಂಗುಲವಲ್ಲ, ಜೀವಕೋಶ ಜೀವಕೋಶವಾಗಿ ನೋಡಬೇಕು. ಒಂದು ಸೊಳ್ಳೆಗೆ ಗಂಟೆಗಳು ಬೇಕು. ಪಂಖಾ ಎಳೆಸಿದರೆ ಸೊಳ್ಳೆಯ ತುಂಡುಗಳು ಹಾರಿಹೋಗುತ್ತವೆ. ಆದ್ದರಿಂದ ಪಂಖಾ ಇಲ್ಲ. ಬೆವರು ಸುರಿದು ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು, ಉಳಿದ ಒಂದೇ ಕಣ್ಣುಗಾಜು ಬಿರುಕು ಬಿಟ್ಟಿತ್ತು. ಎರಡು ವರ್ಷ ಅವರು ಬಿಡಿಸಿ ನೋಡಿದ ಸೊಳ್ಳೆಗಳಲ್ಲಿ ಏನೂ ಸಿಗಲಿಲ್ಲ.

ಏಕೆ ಸಿಗಲಿಲ್ಲ ಎಂಬಲ್ಲಿಯೇ ಜೀವಶಾಸ್ತ್ರದ ಒಂದು ಮೂಲಪಾಠವಿದೆ. ‘ಸೊಳ್ಳೆ’ ಎಂಬುದು ನಮ್ಮ ಆಡುಮಾತಿನಲ್ಲಿ ಒಂದೇ ಪದ. ಪ್ರಕೃತಿಯಲ್ಲಿ ಅದು ಸಾವಿರಾರು ಪ್ರಭೇದಗಳ ಕುಲ. ಒಂದು ಪರಾವಲಂಬಿ ಎಲ್ಲ ಮನೆಗಳಲ್ಲೂ ಬಾಳಲಾರದು. ಅದಕ್ಕೆ ಹೊಂದುವ ಆತಿಥೇಯ ಜೀವಿಯೇ ಬೇಕು. ರಾಸ್ ನೋಡುತ್ತಿದ್ದುದು ಸುತ್ತಮುತ್ತ ಹೇರಳವಾಗಿ ಸಿಗುವ ಬೂದು ಬಣ್ಣದ ಮತ್ತು ಪಟ್ಟೆಪಟ್ಟೆಯ ಸೊಳ್ಳೆಗಳನ್ನು. ಮನುಷ್ಯನ ಮಲೇರಿಯಾಕ್ಕೆ ಅವು ಆತಿಥ್ಯ ಕೊಡುವುದಿಲ್ಲ. ಅವರ ಬಳಿ ಸೊಳ್ಳೆಗಳ ವರ್ಗೀಕರಣದ ಪುಸ್ತಕವೂ ಇರಲಿಲ್ಲ, ಕೇಳಲು ಕೀಟಶಾಸ್ತ್ರಜ್ಞರೂ ಇರಲಿಲ್ಲ. ಬೂದು, ಕಂದು, ಚುಕ್ಕೆರೆಕ್ಕೆ ಎಂದು ತಾವೇ ಹೆಸರಿಟ್ಟುಕೊಂಡರು. ಫಲ ಶೂನ್ಯವಾದಾಗ ಅವರ ಮುಂದೆ ಎರಡು ದಾರಿಗಳಿದ್ದವು: ಸೊಳ್ಳೆಯ ಊಹೆಯೇ ತಪ್ಪೆಂದು ಬಿಡುವುದು, ಇಲ್ಲವೆ ಬೇರೆ ಬಗೆಯ ಸೊಳ್ಳೆಯನ್ನು ಹುಡುಕುವುದು. ಅವರು ಎರಡನೆಯದನ್ನು ಆರಿಸಿಕೊಂಡರು.

ಆಗಸ್ಟ್ ನಡುವಿನಲ್ಲಿ ಆಸ್ಪತ್ರೆಯ ಸಹಾಯಕರೊಬ್ಬರು ಗೋಡೆಯ ಮೇಲೆ ಬಾಲ ಹೊರಕ್ಕೆ ಚಾಚಿ ಓರೆಯಾಗಿ ಕುಳಿತ ಸೊಳ್ಳೆಯೊಂದನ್ನು ತೋರಿಸಿದರು. ಸಾಮಾನ್ಯ ಸೊಳ್ಳೆ ಹಾಗೆ ಕೂರುವುದಿಲ್ಲ. ಮರುದಿನ ಅವರ ಆಳುಗಳು ತಂದ ಸೊಳ್ಳೆಮರಿಗಳ ಬಾಟಲಿಯಿಂದ ಅಂಥವೇ ಕಂದು ಬಣ್ಣದ, ರೆಕ್ಕೆಯ ಮೇಲೆ ಚುಕ್ಕೆಗಳಿರುವ ಸೊಳ್ಳೆಗಳು ಹೊರಬಂದವು. ಬಾಟಲಿಯಲ್ಲಿ ಹುಟ್ಟಿದವಾದ್ದರಿಂದ ಅವು ಅದುವರೆಗೆ ಯಾರ ರಕ್ತವನ್ನೂ ಕುಡಿದಿರಲಿಲ್ಲವೆಂಬುದು ಖಚಿತ. ಮುಂದೆ ಏನಾದರೂ ಕಂಡರೆ ಅದು ಬೇರೆಲ್ಲಿಂದಲೋ ಬಂತೆನ್ನುವಂತಿಲ್ಲ. ಆಗಸ್ಟ್ 16ರ ಮಧ್ಯಾಹ್ನ ಹುಸೇನ್ ಖಾನ್ ಎಂಬ ರೋಗಿಯನ್ನು ಸೊಳ್ಳೆಪರದೆಯೊಳಗೆ ಮಲಗಿಸಿ ಅವನ್ನು ಬಿಡಲಾಯಿತು. ಕಚ್ಚಿದ ಸೊಳ್ಳೆಯೊಂದಕ್ಕೆ ಒಂದು ಆಣೆ ಎಂಬುದು ಒಪ್ಪಂದ. ಹತ್ತು ಸೊಳ್ಳೆಗಳು ಹೊಟ್ಟೆ ತುಂಬ ಕುಡಿದವು.

ಮುಂದಿನ ದಿನಗಳಲ್ಲಿ ಕೆಲವನ್ನು ಬಿಡಿಸಿ ನೋಡಿದರೂ ಏನೂ ಕಾಣಲಿಲ್ಲ. ಕೆಲವು ತಾವಾಗಿಯೇ ಸತ್ತವು. ಆಗಸ್ಟ್ 20ರಂದು, ರಕ್ತ ಕುಡಿದ ನಾಲ್ಕನೆಯ ದಿನ, ಉಳಿದವುಗಳಲ್ಲಿ ಒಂದನ್ನು ರಾಸ್ ಬಿಡಿಸಿದರು. ಜಠರದ ಗೋಡೆಯಲ್ಲಿ, ಇರಬಾರದ ಜಾಗದಲ್ಲಿ, ದುಂಡನೆಯ ಕೋಶಗಳು ಕಂಡವು. ಮಿಲಿಮೀಟರಿನ ಸಾವಿರದಲ್ಲಿ ಸುಮಾರು 12 ಭಾಗದಷ್ಟು ಅಗಲ. ಪ್ರತಿಯೊಂದರೊಳಗೂ ಕಪ್ಪು ಕಣಗಳ ಪುಟ್ಟ ಗುಂಪು. ಆ ಕಪ್ಪನ್ನು ಅವರು ರೋಗಿಗಳ ರಕ್ತದಲ್ಲಿ ಸಾವಿರ ಸಲ ಕಂಡಿದ್ದರು. ಅದು ರಕ್ತಕಣವನ್ನು ತಿಂದ ಮಲೇರಿಯಾ ಪರಾವಲಂಬಿಯ ಮುದ್ರೆ. ಸೊಳ್ಳೆಯ ಜಠರಕ್ಕೆ ಸ್ವಂತದ್ದಲ್ಲ. ಮರುದಿನ ಕೊನೆಯ ಸೊಳ್ಳೆಯನ್ನು ಬಿಡಿಸಿದಾಗ ಅದೇ ಕೋಶಗಳು ಇನ್ನೂ ದೊಡ್ಡವಾಗಿದ್ದವು. ಒಂದು ದಿನದಲ್ಲಿ ಬೆಳೆದಿವೆ ಎಂದ ಮೇಲೆ ಅವು ಜೀವಂತವಾಗಿವೆ ಎಂದಾಯಿತು. ಬೆಳವಣಿಗೆಯು ಜೀವದ ಲಕ್ಷಣ ಎಂದು ಆರನೆಯ ತರಗತಿಯಲ್ಲಿ ಓದುತ್ತೇವಲ್ಲ, ಆ ಲಕ್ಷಣವೇ ಇಲ್ಲಿ ಸಾಕ್ಷಿ ನುಡಿಯಿತು.

ಎರಡು ಸೊಳ್ಳೆಗಳ ಸಾಕ್ಷಿ! ಅದೇ ವರ್ಷ ಡಿಸೆಂಬರ್ 18ರ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪತ್ರಿಕೆಯಲ್ಲಿ ಅವರ ಲೇಖನ ಪ್ರಕಟವಾಯಿತು. ಮಲೇರಿಯಾ ರಕ್ತ ಕುಡಿದ ಎರಡು ಸೊಳ್ಳೆಗಳಲ್ಲಿ ಕಂಡ ಕೆಲವು ವಿಚಿತ್ರ ಕೋಶಗಳು ಎಂಬರ್ಥದ ಅದರ ಶೀರ್ಷಿಕೆಯ ವಿನಯವನ್ನು ನೋಡಿ. ಮಲೇರಿಯಾದ ಗುಟ್ಟು ಬಯಲು ಎಂದು ಅವರು ಬರೆಯಲಿಲ್ಲ. ತಾವು ಎಷ್ಟನ್ನು ಕಂಡರೋ ಅಷ್ಟನ್ನೇ ಬರೆದರು. ಅಂದ ಹಾಗೆ, ಸ್ವಭಾವದಲ್ಲಿ ರಾಸ್ ವಿನಯಶೀಲರೇನೂ ಅಲ್ಲ; ಆ ವಿನಯ ಶಾಸ್ತ್ರದ ಶಿಸ್ತಿನಿಂದ ಬಂದದ್ದು.

ಇಷ್ಟಾದ ಮೇಲೆ ಸರ್ಕಾರ ಏನು ಮಾಡಿತು? ವರ್ಗಾವಣೆ ಮಾಡಿತು. ಸೆಪ್ಟೆಂಬರಿನಲ್ಲಿಯೇ ಅವರನ್ನು ಮುಂಬಯಿಗೆ ಕರೆಸಿ, ಅಲ್ಲಿಂದ ಮಲೇರಿಯಾ ಹೆಚ್ಚಾಗಿ ಇಲ್ಲದ ರಾಜಪುತಾನದ ಖೇರ್ವಾರಾಕ್ಕೆ ಅಟ್ಟಿದರು. ನಮ್ಮಲ್ಲಿ ಸರ್ಕಾರಿ ಕೆಲಸ ಮಾಡಿದ ಯಾರಿಗೂ ಇದು ಆಶ್ಚರ್ಯದ ಸಂಗತಿಯಲ್ಲ. ಮ್ಯಾನ್ಸನ್ ಲಂಡನ್ನಿನಲ್ಲಿ ಪ್ರಭಾವ ಬೀರಿದ ಮೇಲೆ 1898ರ ಆರಂಭದಲ್ಲಿ ರಾಸ್ ಅವರಿಗೆ ಕಲ್ಕತ್ತೆಯಲ್ಲಿ ಸಂಶೋಧನೆಗೆಂದೇ ವಿಶೇಷ ನೇಮಕ ದೊರೆಯಿತು.

ಕಲ್ಕತ್ತೆಯಲ್ಲಿ ಆಗ ಪ್ಲೇಗಿನ ಚುಚ್ಚುಮದ್ದಿನ ಭಯ ಹರಡಿತ್ತು. ಬೆರಳಿಗೆ ಸೂಜಿ ತಾಗಿಸಲು ಜನ ಬಿಡುತ್ತಿರಲಿಲ್ಲ. ರಾಸ್ ಮನುಷ್ಯರನ್ನು ಬಿಟ್ಟು ಹಕ್ಕಿಗಳ ಕಡೆ ತಿರುಗಿದರು. ಗುಬ್ಬಚ್ಚಿ ಮುಂತಾದ ಹಕ್ಕಿಗಳಿಗೂ ಅವುಗಳದೇ ಒಂದು ಬಗೆಯ ಮಲೇರಿಯಾ ಪರಾವಲಂಬಿ ಇದೆ. ಸಿಕಂದರಾಬಾದಿನಲ್ಲಿ ನಿಷ್ಪ್ರಯೋಜಕವೆನಿಸಿದ ಬೂದು ಸೊಳ್ಳೆಯೇ ಅದಕ್ಕೆ ಆತಿಥೇಯ. ಒಂದು ಜೀವಿಯಲ್ಲಿ ಪರೀಕ್ಷಿಸಲಾಗದ್ದನ್ನು ಅದರ ಸೋದರ ಜೀವಿಯಲ್ಲಿ ಪರೀಕ್ಷಿಸಿ ನೋಡುವ ಈ ಕ್ರಮ ಇಂದಿಗೂ ಜೀವವಿಜ್ಞಾನದ ಹೆದ್ದಾರಿ.

ಇಲ್ಲಿ ಅವರು ಮಾಡಿದ ಪ್ರಯೋಗವೊಂದನ್ನು ನಾನು ತರಗತಿಯಲ್ಲಿ ಪ್ರತಿ ವರ್ಷವೂ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆ. ಹತ್ತು ಹತ್ತು ಸೊಳ್ಳೆಗಳ ಮೂರು ಗುಂಪು. ಮೊದಲನೆಯದಕ್ಕೆ ರಕ್ತದಲ್ಲಿ ಪರಾವಲಂಬಿ ತುಂಬಿದ್ದ ಗುಬ್ಬಚ್ಚಿ, ಎರಡನೆಯದಕ್ಕೆ ಸಾಧಾರಣವಾಗಿದ್ದ ಗುಬ್ಬಚ್ಚಿ, ಮೂರನೆಯದಕ್ಕೆ ಪರಾವಲಂಬಿ ಇಲ್ಲದ ಗುಬ್ಬಚ್ಚಿ. ಆಮೇಲೆ ಸೊಳ್ಳೆಗಳ ಜಠರದಲ್ಲಿ ಕಪ್ಪು ಕಣಗಳ ಕೋಶಗಳನ್ನು ಎಣಿಸಿದರು. ಮೊದಲ ಗುಂಪಿನಲ್ಲಿ 1009, ಎರಡನೆಯದರಲ್ಲಿ 292, ಮೂರನೆಯದರಲ್ಲಿ ಒಂದೂ ಇಲ್ಲ. ಮೂರನೆಯ ಗುಂಪಿನ ಸೊನ್ನೆ ಏಕೆ ಮುಖ್ಯವೆಂದು ಕೇಳಿದರೆ ಮೊದಮೊದಲು ಮಕ್ಕಳು ಸುಮ್ಮನಿರುತ್ತಿದ್ದರು. ಆ ಸೊನ್ನೆಯಿಲ್ಲದೆ ಉಳಿದ ಎರಡು ಅಂಕಿಗಳಿಗೆ ಅರ್ಥವೇ ಇಲ್ಲ. ಆ ಕೋಶಗಳು ಎಲ್ಲ ಸೊಳ್ಳೆಗಳಲ್ಲೂ ಇರುವಂಥವೇ ಎಂದು ಯಾರಾದರೂ ವಾದಿಸಿದರೆ ಉತ್ತರವಿರುತ್ತಿರಲಿಲ್ಲ. ಸಿಕಂದರಾಬಾದಿನ ಎರಡು ಸೊಳ್ಳೆಗಳು ಕೊಡಲಾಗದ ಉತ್ತರವನ್ನು ಈ ಮೂವತ್ತು ಸೊಳ್ಳೆಗಳು ಕೊಟ್ಟವು.

ಕೋಶಗಳು ಬಲಿತು ಒಡೆದಾಗ ಹೊರಬರುವ ದಾರದಂಥ ಸಣ್ಣ ದೇಹಗಳು ಎಲ್ಲಿಗೆ ಹೋಗುತ್ತವೆ? ಮಹಮದ್ ಬಕ್ಸ್ ಎಂಬ ಸಹಾಯಕನೊಡನೆ ಸೆಖೆಯಲ್ಲಿ ದಿನಗಟ್ಟಲೆ ಅದರ ಬೆನ್ನು ಹತ್ತಿದ ರಾಸ್, ಜುಲೈ ಮೊದಲ ವಾರದಲ್ಲಿ ಅವು ಸೊಳ್ಳೆಯ ಕತ್ತಿನ ಬಳಿಯ ಗ್ರಂಥಿಯೊಂದರಲ್ಲಿ ಕಿಕ್ಕಿರಿದಿರುವುದನ್ನು ಕಂಡರು. ಆ ಗ್ರಂಥಿಯ ನಾಳ ಸೊಳ್ಳೆಯ ಸೊಂಡಿಲಿಗೆ ಹೋಗುತ್ತದೆ. ಅದು ಜೊಲ್ಲಿನ ಗ್ರಂಥಿ! ಸೊಳ್ಳೆ ಚುಚ್ಚುವಾಗ ಮೊದಲು ಜೊಲ್ಲು ಬಿಟ್ಟು ಆಮೇಲೆ ರಕ್ತ ಹೀರುತ್ತದೆ. ನೀರಲ್ಲ, ಗಾಳಿಯಲ್ಲ, ಕಡಿತವೇ ದಾರಿ. ಆರೋಗ್ಯವಾಗಿದ್ದ 28 ಗುಬ್ಬಚ್ಚಿಗಳನ್ನು ಇಂಥ ಸೊಳ್ಳೆಗಳಿಂದ ಕಚ್ಚಿಸಿದಾಗ 22ಕ್ಕೆ ರೋಗ ಬಂತು. ಆ ತಿಂಗಳ ಕೊನೆಯಲ್ಲಿ ಎಡಿನ್‌ಬರೋದ ವೈದ್ಯರ ಸಭೆಯಲ್ಲಿ ಮ್ಯಾನ್ಸನ್ ಇದನ್ನು ಪ್ರಕಟಿಸಿದರು. ತಮ್ಮ ನೀರಿನ ಊಹೆಯನ್ನು ಸುಳ್ಳು ಮಾಡಿದ ಶಿಷ್ಯನ ಗೆಲುವನ್ನು ತಾವೇ ಸಾರಿದ ಗುರು ಅವರು.

ಲಾವೆರಾನ್ ಕಂಡ ಚಾಟಿಯಂಥ ಎಳೆಗಳ ಅರ್ಥವನ್ನು ಬಿಡಿಸಿದವರು ಮಾತ್ರ ರಾಸ್ ಅಲ್ಲ, ಮ್ಯಾನ್ಸನ್ನರೂ ಅಲ್ಲ. 1897ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮ್ಯಾಕ್‌ಕ್ಯಾಲಂ ಎಂಬ ಯುವಕ, ಕಾಗೆಯ ರಕ್ತದಲ್ಲಿ ಅಂಥ ಎಳೆಯೊಂದು ಇನ್ನೊಂದು ದುಂಡು ಕೋಶದೊಳಗೆ ಹೊಕ್ಕು ಕೂಡುವುದನ್ನು ಕಂಡರು. ಅವು ಗಂಡು ಕೋಶಗಳು. ಕಣ್ಣಿಗೆ ಕಾಣದ ಆ ಜೀವಿಗೂ ಗಂಡು ಹೆಣ್ಣೆಂಬುದಿದೆ, ಅವುಗಳ ಮದುವೆ ಸೊಳ್ಳೆಯ ಹೊಟ್ಟೆಯಲ್ಲಿ ನಡೆಯುತ್ತದೆ. ರಾಸ್ ಅದೇ ಎಳೆಗಳನ್ನು ಎಷ್ಟೋ ಬಾರಿ ನೋಡಿದ್ದರು. ನೋಡುವುದು ಬೇರೆ, ಕಾಣುವುದು ಬೇರೆ.

ಮನುಷ್ಯನ ಮಲೇರಿಯಾದ ಪೂರ್ಣ ಚಕ್ರವನ್ನು 1898ರ ಕೊನೆಯಲ್ಲಿ ತೋರಿಸಿದವರು ಇಟಲಿಯವರು. ಪ್ರಾಣಿಶಾಸ್ತ್ರಜ್ಞರಾದ ಜೊವಾನ್ನಿ ಬತ್ತಿಸ್ತಾ ಗ್ರಾಸ್ಸಿ ಅವರಿಗೆ ರಾಸ್ ಅವರಲ್ಲಿಲ್ಲದ ವಿದ್ಯೆ ಇತ್ತು: ಸೊಳ್ಳೆಗಳ ಜಾತಿ ಪ್ರಭೇದಗಳ ಜ್ಞಾನ. ಮಲೇರಿಯಾ ಇರುವ ಊರುಗಳಲ್ಲಿ ಯಾವ ಸೊಳ್ಳೆ ಇದೆ, ಇಲ್ಲದ ಊರುಗಳಲ್ಲಿ ಯಾವುದು ಇಲ್ಲ ಎಂದು ಹೋಲಿಸಿ ಅವರು ಅನಾಫಿಲಿಸ್ ಕುಲದ ಮೇಲೆ ಬೆರಳಿಟ್ಟರು. ರಾಸ್ ಕಂಡ ಚುಕ್ಕೆರೆಕ್ಕೆಯ ಸೊಳ್ಳೆಯೂ ಆ ಕುಲದ್ದೇ. ಆಮೇಲೆ ನಡೆದ ಜಗಳ ಚರಿತ್ರೆಗೆ ಶೋಭೆ ತರುವಂಥದ್ದಲ್ಲ. 1902ರ ನೊಬೆಲ್ ಬಹುಮಾನ ರಾಸ್ ಒಬ್ಬರಿಗೇ ಬಂತು. ಭಾರತದ ನೆಲದಲ್ಲಿ ಹುಟ್ಟಿದವರಲ್ಲಿ ಅದನ್ನು ಪಡೆದ ಮೊದಲಿಗರು ಅವರು. ಗ್ರಾಸ್ಸಿ ಅವರಿಗೆ ಅನ್ಯಾಯವಾಯಿತೆಂದೇ ನನ್ನ ಎಣಿಕೆ. ದಾರಿ ತೆರೆದವರು ರಾಸ್ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಮನುಷ್ಯನ ವಿಷಯದಲ್ಲಿ ದಾರಿಯ ಕೊನೆ ಮುಟ್ಟಿದವರು ಗ್ರಾಸ್ಸಿ ಮತ್ತು ಅವರ ಸಂಗಡಿಗರು. ರಾಸ್ ಅವರ ಆತ್ಮಕಥೆಯಲ್ಲಿ ಹುಸೇನ್ ಖಾನ್, ಲಛಮನ್, ಮಹಮದ್ ಬಕ್ಸ್ ಅವರಿಗೆ ಸಿಕ್ಕ ಸೌಜನ್ಯ ಗ್ರಾಸ್ಸಿ ಅವರಿಗೆ ಸಿಗಲಿಲ್ಲ.

ಸಂಶಯ ಪಡುವವರು ಆಗಲೂ ಇದ್ದರು. ಅವರಿಗಾಗಿ 1900ರಲ್ಲಿ ಎರಡು ಪ್ರಯೋಗಗಳು ನಡೆದವು. ರೋಮಿನ ಸುತ್ತಲ ಜೌಗು ಪ್ರದೇಶದಲ್ಲಿ, ಸ್ಥಳೀಯರಿಗೆ ಜ್ವರ ತಪ್ಪದ ಕಾಲದಲ್ಲಿ, ಇಬ್ಬರು ವೈದ್ಯರು ಜಾಲರಿ ಹೊಡೆದ ಗುಡಿಸಲಿನಲ್ಲಿ ತಿಂಗಳುಗಟ್ಟಲೆ ಮಲಗಿದರು; ಅದೇ ಗಾಳಿ, ಆದರೆ ಸೊಳ್ಳೆಯಿಲ್ಲ. ಅವರಿಗೆ ಜ್ವರ ಬರಲಿಲ್ಲ. ಇತ್ತ ಮಲೇರಿಯಾ ಇಲ್ಲದ ಲಂಡನ್ನಿಗೆ ರೋಮಿನಿಂದ ಸೋಂಕಿತ ಸೊಳ್ಳೆಗಳನ್ನು ಕಳುಹಿಸಿ ಮ್ಯಾನ್ಸನ್ನರ ಸ್ವಂತ ಮಗನನ್ನೇ ಕಚ್ಚಿಸಿದರು. ಗಾಳಿ ಒಳ್ಳೆಯದೇ, ಆದರೂ ಜ್ವರ ಬಂತು. ಕೆಟ್ಟ ಗಾಳಿಯ ಮಾತು ಅಲ್ಲಿಗೆ ಮುಗಿಯಿತು. ಹೆಸರು ಮಾತ್ರ ಉಳಿಯಿತು.

ರಾಸ್ 1899ರಲ್ಲಿ ಭಾರತ ಬಿಟ್ಟರು. ಲಿವರ್‌ಪೂಲಿನಲ್ಲಿದ್ದುಕೊಂಡು ನಿಂತ ನೀರನ್ನು ಹರಿಯಬಿಡುವ ಕೆಲಸವನ್ನು ಊರೂರಿಗೆ ಬೋಧಿಸಿದರು. ಸೂಯೆಜ್ ಕಾಲುವೆಯ ಇಸ್ಮಾಯಿಲಿಯಾ ಪಟ್ಟಣದಲ್ಲಿ ಅದು ಫಲಿಸಿತು, ಲಾಹೋರಿನ ಬಳಿಯ ಮಿಯಾನ್ ಮೀರ್ ದಂಡಿನಲ್ಲಿ ಫಲಿಸಲಿಲ್ಲ. ಎಲ್ಲ ಸೊಳ್ಳೆಗಳನ್ನೂ ಕೊಲ್ಲಬೇಕಾಗಿಲ್ಲ, ಒಂದು ಮಿತಿಗಿಂತ ಕಡಿಮೆ ಮಾಡಿದರೆ ರೋಗ ತಾನಾಗಿ ಆರಿಹೋಗುತ್ತದೆ ಎಂದು ಗಣಿತದಿಂದ ತೋರಿಸಿದ್ದು ಅವರ ಎರಡನೆಯ ದೊಡ್ಡ ಕೊಡುಗೆ. ಬಹುಮಾನ ಬಂದದ್ದು ಮೊದಲನೆಯದಕ್ಕಾದರೂ ಇಂದು ಸಾಂಕ್ರಾಮಿಕ ರೋಗಗಳ ಲೆಕ್ಕ ಹಾಕುವವರು ಎರಡನೆಯದನ್ನು ಹೆಚ್ಚು ನೆನೆಯುತ್ತಾರೆ. 1932ರಲ್ಲಿ ಅವರು ತೀರಿಕೊಂಡರು.

ನಮ್ಮ ಸೀಗೂರಿಗೂ ವಯನಾಡಿಗೂ ಜ್ವರದ ಬಿಡುಗಡೆ ಬೇಗ ಬರಲಿಲ್ಲ. ಇಲ್ಲಿಯ ಗುಡ್ಡಗಾಡಿನ ಮಲೇರಿಯಾ ಸೊಳ್ಳೆ ತಿಳಿಯಾಗಿ ನಿಧಾನ ಹರಿಯುವ ತೊರೆಗಳ ಅಂಚಿನಲ್ಲಿ ಮೊಟ್ಟೆಯಿಡುತ್ತದೆ. ಬಯಲುಸೀಮೆಯದು ಕಾಲುವೆ, ಹೊಂಡಗಳಲ್ಲಿ. ಪಟ್ಟಣದ್ದು ಬಾವಿ, ತೊಟ್ಟಿಗಳಲ್ಲಿ. ಒಂದಕ್ಕೆ ಮಾಡಿದ ಉಪಾಯ ಇನ್ನೊಂದಕ್ಕೆ ಸಲ್ಲದು. ಸ್ವಾತಂತ್ರ್ಯದ ಕಾಲಕ್ಕೆ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, 8 ಲಕ್ಷ ಜನ ಸಾಯುತ್ತಿದ್ದರು ಎಂಬುದು ಸರ್ಕಾರದ ಅಂದಾಜು. 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಗಿ ಡಿಡಿಟಿ ಪುಡಿಯ ನೀರನ್ನು ಮನೆಮನೆಯ ಗೋಡೆಗೆ ಸಿಂಪಡಿಸಿದರು. 1960ರ ದಶಕದ ನಡುವಿಗೆ ರೋಗಿಗಳ ಸಂಖ್ಯೆ ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ಗೆದ್ದೆವೆಂದು ಕೈಬಿಟ್ಟಲ್ಲಿ ಸೊಳ್ಳೆ ಡಿಡಿಟಿಯನ್ನು ಜಯಿಸಿತು, 1976ರಲ್ಲಿ ಮತ್ತೆ 64 ಲಕ್ಷಕ್ಕೆ ಏರಿತು. ಜ್ವರ ಇಳಿದ ಕಾಡಂಚುಗಳಿಗೆ ಕೆಳನಾಡಿನವರು ಬಂದು ನೆಲೆಸಿದರು, ಕಾಡು ಕರಗಿತು. ಇರುಳರು, ಕುರುಂಬರು ಅದರ ನಷ್ಟವನ್ನು ಹೆಚ್ಚು ಬಲ್ಲರು. ಅದು ಬೇರೆಯೇ ಲೇಖನದ ವಸ್ತು.

ಸೊಳ್ಳೆ ಕಚ್ಚಿದ ಮೇಲೆ ವಾರಕ್ಕೂ ಹೆಚ್ಚು ಕಾಲ ರಕ್ತದಲ್ಲಿ ಪರಾವಲಂಬಿ ಕಾಣುವುದಿಲ್ಲ. ಆಗ ಅದು ಎಲ್ಲಿರುತ್ತದೆ? ಜರ್ಮನಿಯ ಪ್ರಸಿದ್ಧ ವಿಜ್ಞಾನಿ ಶೌಡಿನ್ 1903ರಲ್ಲಿ, ಅದು ನೇರವಾಗಿ ಕೆಂಪು ರಕ್ತಕಣವನ್ನು ಹೊಗುವುದನ್ನು ತಾವು ಕಣ್ಣಾರೆ ಕಂಡುದಾಗಿ ಬರೆದರು. ಮತ್ತಾರಿಗೂ ಅದು ಕಾಣಲಿಲ್ಲ, ಆದರೂ ಬರೆದವರ ಹೆಸರು ದೊಡ್ಡದಾದ್ದರಿಂದ ನಾಲ್ಕು ದಶಕ ಪಠ್ಯಪುಸ್ತಕಗಳಲ್ಲಿ ಅದೇ ನಿಂತಿತು. 1948ರಲ್ಲಿ ಶಾರ್ಟ್ ಮತ್ತು ಗಾರ್ನ್‌ಹ್ಯಾಮ್ ಎಂಬ ಇಬ್ಬರು, ಮೊದಲು ಕೋತಿಯಲ್ಲಿ, ಆಮೇಲೆ ತಾನಾಗಿ ಮುಂದೆ ಬಂದ ಮನುಷ್ಯನೊಬ್ಬನಲ್ಲಿ, ಆ ಅಡಗುದಾಣವನ್ನು ಕಂಡರು: ಪರಾವಲಂಬಿ ಮೊದಲು ಪಿತ್ತಜನಕಾಂಗದಲ್ಲಿ ಬೆಳೆಯುತ್ತದೆ. ಇವರಲ್ಲಿ ಶಾರ್ಟ್ ಬಹುಕಾಲ ಭಾರತದಲ್ಲಿ ಕೆಲಸ ಮಾಡಿದವರು. ಘಾಟಿಯಲ್ಲಿ ಒಮ್ಮೆ ಜ್ವರ ಹಿಡಿದು ವಾಸಿಯಾಗಿ ದೂರದ ಊರಿಗೆ ಹೋದವನಿಗೆ, ಅಲ್ಲಿ ಸೊಳ್ಳೆ ಕಚ್ಚದಿದ್ದರೂ, ತಿಂಗಳುಗಳ ಮೇಲೆ ಮತ್ತೆ ಅದೇ ಚಳಿ ಏಕೆ ಏರುತ್ತಿತ್ತು ಎಂಬುದಕ್ಕೆ ಉತ್ತರ ಸಿಕ್ಕಿದ್ದು ಇನ್ನೂ ತಡವಾಗಿ, 1980ರಲ್ಲಿ. ಕೆಲವು ಪರಾವಲಂಬಿಗಳು ಪಿತ್ತಜನಕಾಂಗದ ಜೀವಕೋಶದೊಳಗೆ ಬೆಳೆಯದೆ, ಒಡೆಯದೆ, ಮಲಗಿಬಿಟ್ಟಿರುತ್ತವೆ.